ರೆಡಿ ಮಿಕ್ಸ್ ಡಬ್ಬವೋ, ಬಂಕ್ ಪೆಟ್ರೋಲೋ: ಬೆಂಗಳೂರಿನಲ್ಲಿ ಟೂ-ಸ್ಟ್ರೋಕ್ ಯಂತ್ರಕ್ಕೆ ಏನು ಹಾಕಬೇಕು?

ಮರ ಕತ್ತರಿಸುವ ಚೈನ್‌ಸಾ, ಕಳೆ ಹೊಡೆಯುವ ಬ್ರಷ್ ಕಟರ್ ತರಹದ ಟೂ-ಸ್ಟ್ರೋಕ್ ಯಂತ್ರ ಕೊಳ್ಳುವಾಗ ಎಲ್ಲರೂ ಎಷ್ಟು ಸಿಸಿ ಅಂತ ಕೇಳುತ್ತಾರೆ, ಬ್ಲೇಡ್ ಮುಟ್ಟಿ ನೋಡುತ್ತಾರೆ, ಬೆಲೆಗೆ ಚೌಕಾಸಿ ಮಾಡುತ್ತಾರೆ. ಯಾವ ಪೆಟ್ರೋಲ್ ಹಾಕಬೇಕು ಅಂತ ಕೇಳುವವರು ಕಡಿಮೆ. ಅಂಗಡಿಯವರೂ 'ಲೀಟರಿಗೆ ಇಷ್ಟು ಆಯಿಲ್ ಹಾಕಿ' ಅಂತ ಒಂದು ಮಾತು ಹೇಳಿ ಕಳಿಸಿಬಿಡುತ್ತಾರೆ. ಆದರೆ ಯಾವುದಾದರೂ ರಿಪೇರಿ ಅಂಗಡಿಗೆ ಹೋಗಿ, ಬೆಂಚಿನ ಮೇಲೆ ಬಿಚ್ಚಿಟ್ಟ ಯಂತ್ರಗಳ ಕಥೆ ಕೇಳಿ ನೋಡಿ. ಕಟ್ಟಿಕೊಂಡ ಕಾರ್ಬುರೇಟರ್, ಉಬ್ಬಿದ ಪೈಪು, ಸೀಜ್ ಆದ, ಅಂದರೆ ಕಚ್ಚಿಕೊಂಡು ನಿಂತ ಪಿಸ್ಟನ್. ಈ ಮೂರರಲ್ಲೂ ಬಹುಪಾಲು ಪೆಟ್ರೋಲ್ ಹಾಗೂ ಅದಕ್ಕೆ ಬೆರೆಸಿದ ಆಯಿಲ್ ಕೊಟ್ಟ ಕಾಟವೇ.

ನಮ್ಮ ಮುಂದೆ ನಾಲ್ಕು ದಾರಿಗಳಿವೆ. ಬಂಕಿನ ಸಾಮಾನ್ಯ ಪೆಟ್ರೋಲ್‌ಗೆ ನಾವೇ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿಗೆಂದೇ ಮಾಡಿದ ಆಯಿಲ್) ಬೆರೆಸುವುದು. 100 ಆಕ್ಟೇನ್ ಪೆಟ್ರೋಲ್ ತಂದು ಅದಕ್ಕೆ ಬೆರೆಸುವುದು (ಆಕ್ಟೇನ್ ಅಂದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯದೆ ತಡೆದುಕೊಳ್ಳುವ ಗುಣದ ಅಳತೆ). ಕಾರ್ಖಾನೆಯಲ್ಲೇ ಬೆರೆಸಿ ಸೀಲ್ ಮಾಡಿದ ಡಬ್ಬ ಕೊಳ್ಳುವುದು. ಇಲ್ಲವೇ ಯಾರೋ ಬೆರೆಸಿ ನೀರಿನ ಬಾಟಲಿಯಲ್ಲಿ ತುಂಬಿ ಮಾರುವುದನ್ನು ತರುವುದು.

ಕೊನೆಯದನ್ನು ಇಲ್ಲೇ ಬಿಟ್ಟುಬಿಡಿ. ಯಾವ ಆಯಿಲ್, ಎಷ್ಟು ಹಾಕಿದ್ದಾರೆ, ಯಾವತ್ತು ಬೆರೆಸಿದ್ದು, ಒಂದೂ ಗೊತ್ತಾಗಲ್ಲ. ಲೈಸೆನ್ಸ್ ಇಲ್ಲದೆ ಹೀಗೆ ಬಿಡಿಯಾಗಿ ಪೆಟ್ರೋಲ್ ಮಾರುವುದು ಕಾನೂನಿಗೂ ವಿರುದ್ಧ. ಇಪ್ಪತ್ತು-ಮೂವತ್ತು ರೂಪಾಯಿ ಉಳಿಸೋಕೆ ಹೋಗಿ ಎಂಜಿನ್ ಕಳೆದುಕೊಳ್ಳುವ ದಾರಿ ಅದು. ಉಳಿದ ಮೂರರ ಬಗ್ಗೆ ಮಾತಾಡೋಣ.

ಆರಿಸುವ ಮೊದಲು ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಬೆರೆಸಿದ ಪೆಟ್ರೋಲ್ ನಿಮ್ಮ ಮನೆಯಲ್ಲಿ ಎಷ್ಟು ದಿನ ಕೂರುತ್ತದೆ? ಪವರ್, ಮೈಲೇಜ್, ಬ್ರ್ಯಾಂಡ್ ಎಲ್ಲ ಆಮೇಲಿನ ಮಾತು. ವಾರದಲ್ಲಿ ಕ್ಯಾನ್ ಖಾಲಿ ಮಾಡುವವರಿಗೆ ಒಂದು ಉತ್ತರ, ದಸರಾಗೆ ಒಮ್ಮೆ ಯುಗಾದಿಗೆ ಒಮ್ಮೆ ಯಂತ್ರ ಹೊರಗೆ ತೆಗೆಯುವವರಿಗೆ ಇನ್ನೊಂದು ಉತ್ತರ.

ಬೆರೆಸುವುದೇಕೆ?

ಕಾರಿನ ಎಂಜಿನ್‌ನ ಕೆಳಗೆ ಆಯಿಲ್ ತುಂಬಿದ ಸಂಪ್ ಇರುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಅದಿಲ್ಲ. ಪೆಟ್ರೋಲ್ ಮತ್ತು ಗಾಳಿ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಭಾಗದ ಗೂಡು) ಒಳಗಿನಿಂದಲೇ ಹಾದು ಸಿಲಿಂಡರಿಗೆ ಹೋಗುತ್ತವೆ. ದಾರಿಯಲ್ಲಿ ಬೇರಿಂಗು, ಪಿಸ್ಟನ್ನು, ಸಿಲಿಂಡರ್ ಗೋಡೆ ಎಲ್ಲಕ್ಕೂ ಎಣ್ಣೆ ಸವರಬೇಕಾದದ್ದು ಅದೇ ಮಿಶ್ರಣ. ಹಾಗಾಗಿ ಆಯಿಲ್ ಇಲ್ಲದ ಬರೀ ಪೆಟ್ರೋಲ್ ಹಾಕಿದರೆ ಕೆಲವೇ ನಿಮಿಷದಲ್ಲಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಓಡಿಸಿದ ಹಿರಿಯರಿಗೆ ಇದು ಹೊಸ ವಿಷಯವಲ್ಲ. ಬಂಕಿನಲ್ಲೇ ಅಳೆದು 2ಟಿ ಹಾಕಿಸಿಕೊಂಡು ಹೋಗುತ್ತಿದ್ದರು. ಆದರೆ ಆ ಕಾಲದ ಧೈರ್ಯವನ್ನು ಚೈನ್‌ಸಾ ಮೇಲೆ ತೋರಿಸಬಾರದು. ಬೈಕ್ ದಿನಾ ಓಡುತ್ತಿತ್ತು, ಟ್ಯಾಂಕ್ ಬೇಗ ಖಾಲಿಯಾಗುತ್ತಿತ್ತು. ಚೈನ್‌ಸಾ ಎಂಜಿನ್ ಬರೀ ಗಾಳಿಯಿಂದ ತಣ್ಣಗಾಗುವಂಥದ್ದು, ನಿಮಿಷಕ್ಕೆ 12,000 ಸುತ್ತು ದಾಟುತ್ತದೆ, ಆಮೇಲೆ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂರುತ್ತದೆ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಅಂದರೆ ಆಗಿನ ಪೆಟ್ರೋಲೇ ಬೇರೆ.

ಈಗ ಬಂಕಿನಲ್ಲಿ ಸಿಗುವುದು ಏನು

2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಕೊಟ್ಟರು. ಮೊದಲು 84 ಬಂಕ್‌ಗಳಲ್ಲಿ ಶುರುವಾಯಿತು, 2025ರ ಹೊತ್ತಿಗೆ ದೇಶದ ತುಂಬ ಹರಡಿತು. ಇ20 ಅಂದರೆ 100 ಲೀಟರಿನಲ್ಲಿ 20 ಲೀಟರ್ ಎಥೆನಾಲ್. ಇ20ಗಾಗಿ ತಯಾರಾದ ಹೊಸ ಕಾರು-ಬೈಕುಗಳು ಇದನ್ನು ತಾಳಿಕೊಳ್ಳುತ್ತವೆ. ತೋಟದ ಯಂತ್ರಗಳ ಮಾತು ಹಾಗಲ್ಲ. ಹಸ್ಕ್‌ವಾರ್ನಾ, ಸ್ಟಿಲ್ ತರಹದ ದೊಡ್ಡ ಕಂಪನಿಗಳ ಹೆಚ್ಚಿನ ಮ್ಯಾನುಯಲ್‌ಗಳಲ್ಲಿ ಎಥೆನಾಲ್ ಮಿತಿ 10 ಶೇಕಡಾ ಅಂತಲೇ ಬರೆದಿರುತ್ತದೆ. ನಿಮ್ಮ ಮ್ಯಾನುಯಲ್ ತೆಗೆದು 'ಇಂಧನ' ಅನ್ನೋ ಪುಟ ಒಮ್ಮೆ ಓದಿ. ಅದೊಂದು ಪುಟ ಓದಿದರೆ ಅರ್ಧ ತೊಂದರೆ ತಪ್ಪುತ್ತದೆ.

ಎಥೆನಾಲ್‌ನಿಂದ ಮೂರು ಕಡೆ ಪೆಟ್ಟು ಬೀಳುತ್ತದೆ.

ಒಂದು, ಶಾಖ. ಎಥೆನಾಲ್ ಒಳಗೇ ಆಮ್ಲಜನಕ ಇದೆ. ಸಾಮಾನ್ಯ ಪೆಟ್ರೋಲ್‌ಗೆ ಹೊಂದಿಸಿದ ಕಾರ್ಬುರೇಟರ್‌ಗೆ ಇ20 ಹಾಕಿದರೆ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗಲ್ಲ, ಎಂಜಿನ್ ಜಾಸ್ತಿ ಬಿಸಿಯಾಗುತ್ತದೆ. ಸ್ಟಿಲ್‌ನ ಎಂ-ಟ್ರಾನಿಕ್, ಹಸ್ಕ್‌ವಾರ್ನಾದ ಆಟೋಟ್ಯೂನ್ ಇರುವ ಮಾಡೆಲ್‌ಗಳು ಒಂದಿಷ್ಟು ತಾವೇ ಸರಿಮಾಡಿಕೊಳ್ಳುತ್ತವೆ. ಸ್ಕ್ರೂ ತಿರುಗಿಸಿ ಹೊಂದಿಸುವ ಹಳೆಯ ಕಾರ್ಬುರೇಟರ್ ತಾನಾಗಿ ಏನೂ ಮಾಡಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳು, ಅದರಿಂದ ಮಿಶ್ರಣ ಸ್ವಲ್ಪ ರಿಚ್ ಆಗುತ್ತದೆ, ಅಂದರೆ ಗಾಳಿಗಿಂತ ಇಂಧನದ ಪಾಲು ಹೆಚ್ಚುತ್ತದೆ, ನಿಜ. ಹಾಗಂತ ಒಂದು ಇನ್ನೊಂದನ್ನು ಸರಿದೂಗಿಸುತ್ತೆ ಅಂತ ನೆಮ್ಮದಿಯಾಗಿ ಕೂರಬೇಡಿ. ಇಲ್ಲಿ ಟ್ಯೂನ್ ಮಾಡಿಸಿದ ಯಂತ್ರವನ್ನೇ ಮಂಗಳೂರಿಗೆ ತಗೊಂಡು ಹೋದರೆ ಅಲ್ಲಿ ಇನ್ನೂ ಲೀನ್ ಆಗುತ್ತದೆ.

ಎರಡು, ರಬ್ಬರ್. ಈ ಯಂತ್ರಗಳ ಕಾರ್ಬುರೇಟರ್ ಒಳಗೆ ಡಯಾಫ್ರಾಮ್ ಅಂತ ಒಂದು ತೆಳು ಪೊರೆ ಇರುತ್ತದೆ. ಬೆರಳ ತುದಿಯಿಂದ ಒತ್ತಿದರೆ ಮೆತ್ತಗೆ ಕುಣಿಯಬೇಕು. ಆ ಕುಣಿತದಿಂದಲೇ ಪೆಟ್ರೋಲ್ ಒಳಗೆ ಬರುವುದು. ಎಥೆನಾಲ್ ಇರುವ ಹಳೆ ಪೆಟ್ರೋಲಿನಲ್ಲಿ ಬಹಳ ದಿನ ನೆನೆದು ಒಣಗಿದ ಪೊರೆಯನ್ನು ತೆಗೆದು ಬಾಗಿಸಿ ನೋಡಿ, ಹಪ್ಪಳದ ಹಾಗೆ ಸೆಟೆದುಕೊಂಡಿರುತ್ತದೆ. ಆಮೇಲೆ ಹಗ್ಗ ಎಷ್ಟು ಎಳೆದರೂ ಅಷ್ಟೇ.

ಮೂರನೆಯದು ನೀರು, ಮತ್ತು ಇದೇ ಅತಿ ಕೆಟ್ಟದ್ದು. ಎಥೆನಾಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ಆ ನೀರನ್ನು ತನ್ನಲ್ಲೇ ಕರಗಿಸಿಕೊಂಡಿರುತ್ತದೆ. ಮಿತಿ ದಾಟಿದ ಕೂಡಲೇ ಎಥೆನಾಲ್ ಮತ್ತು ನೀರು ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಚಳಿ ಹೆಚ್ಚಿದಷ್ಟೂ ಆ ಮಿತಿ ಇಳಿಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಆಮೇಲೆ ಡಿಸೆಂಬರ್-ಜನವರಿಯಲ್ಲಿ ಹಗಲು ಬಿಸಿಲು, ರಾತ್ರಿ 15 ಡಿಗ್ರಿಯ ಆಸುಪಾಸು. ಅರ್ಧ ತುಂಬಿದ, ಮುಚ್ಚಳ ಸಡಿಲವಾದ ಕ್ಯಾನ್ ಹಗಲು ಉಸಿರು ಬಿಡುತ್ತದೆ, ರಾತ್ರಿ ಎಳೆದುಕೊಳ್ಳುತ್ತದೆ. ಪ್ರತಿ ರಾತ್ರಿ ಒಂದಿಷ್ಟು ತೇವ ಒಳಗೆ.

ಬೇರೆಯಾದ ಆ ತಳದ ಪದರದಲ್ಲಿ 2ಟಿ ಆಯಿಲ್ ಇರುವುದಿಲ್ಲ ಅನ್ನಬಹುದು, ಅದು ಮೇಲಿನ ಪೆಟ್ರೋಲಿನ ಜೊತೆ ಉಳಿದುಬಿಡುತ್ತದೆ. ಚೈನ್‌ಸಾ ಟ್ಯಾಂಕಿನ ಫಿಲ್ಟರ್ ಎಲ್ಲಿರುತ್ತದೆ? ಪೈಪಿನ ತುದಿಯಲ್ಲಿ ಭಾರವಾಗಿ ತಳ ಮುಟ್ಟಿಕೊಂಡು. ಯಂತ್ರವನ್ನು ಹೇಗೆ ಓರೆ ಮಾಡಿದರೂ ತಳದಿಂದಲೇ ಎಳೆಯಲಿ ಅಂತ ಹಾಗೆ ಮಾಡಿರುತ್ತಾರೆ. ಅಂದರೆ ಎಂಜಿನ್ ಮೊದಲು ಎಳೆದುಕೊಳ್ಳುವುದು ಆಯಿಲ್ ಇಲ್ಲದ ಆ ಪದರವನ್ನೇ. ಅಳತೆ ಸರಿಯಾಗಿ ಬೆರೆಸಿದವರ ಯಂತ್ರವೂ ಸೀಜ್ ಆಗುವುದು ಹೀಗೆ.

ದಾರಿ ಒಂದು: ಸಾಮಾನ್ಯ ಪೆಟ್ರೋಲ್, ನಾವೇ ಬೆರೆಸಿದ್ದು

ಅಗ್ಗ, ಎಲ್ಲ ಕಡೆ ಸಿಗುತ್ತದೆ. ನೆಲಮಂಗಲ, ದೊಡ್ಡಬಳ್ಳಾಪುರ, ಕನಕಪುರದ ಕಡೆ ತೋಟ ಇಟ್ಟುಕೊಂಡು ದಿನಾ ಕಳೆ ಹೊಡೆಯುವವರು ಇದನ್ನೇ ಬಳಸುತ್ತಾರೆ. ಅವರ ಯಂತ್ರಗಳು ಚೆನ್ನಾಗೇ ನಡೆಯುತ್ತಿದ್ದರೆ ಅದಕ್ಕೆ ಕಾರಣ ಸರಳ: ಬೆಳಿಗ್ಗೆ ಬೆರೆಸಿದ್ದು ಸಂಜೆಗೆ ಖಾಲಿ. ನೀರು ಹೀರಲು, ಅಂಟಾಗಲು ಸಮಯವೇ ಸಿಗಲ್ಲ. ಲೀನ್ ಆಗುವ ತೊಂದರೆ ಮಾತ್ರ ಇದ್ದೇ ಇರುತ್ತದೆ. ಅದಕ್ಕೆ ಸರ್ವಿಸ್‌ನವರ ಹತ್ತಿರ ಕಾರ್ಬುರೇಟರ್ ಇ20ಗೆ ಹೊಂದಿಸಿಕೊಡಲು ಕೇಳಿ. ಪೈಪು, ಡಯಾಫ್ರಾಮ್ ಕಿಟ್‌ಗಳನ್ನು ಹಾಳಾಗುವ ಮುಂಚೆಯೇ ಬದಲಾಯಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಮ್ಯಾನುಯಲ್ 10 ಶೇಕಡಾ ಅಂದರೆ ವಾರಂಟಿ ಸಮಯದಲ್ಲಿ ಈ ದಾರಿ ಬೇಡ.

ಕೆಲವರು ಪೆಟ್ರೋಲಿಗೆ ನೀರು ಹಾಕಿ ಕಲಕಿ, ಎಥೆನಾಲ್ ಇಳಿಸಿ, ಮೇಲಿನದನ್ನು ಬಸಿದು ಬಳಸುತ್ತಾರೆ. ದಯವಿಟ್ಟು ಇದನ್ನು ಮಾಡಬೇಡಿ. ಎಥೆನಾಲ್ ಹೋದರೆ ಅದು ಕೊಡುತ್ತಿದ್ದ ಆಕ್ಟೇನ್ ಕೂಡ ಹೋಗುತ್ತದೆ. ಉಳಿದ ಪೆಟ್ರೋಲಿನಲ್ಲಿ ತೇವ ಉಳಿದೇ ಇರುತ್ತದೆ. ತಳದಲ್ಲಿ ಕೂತ ಎಥೆನಾಲ್-ನೀರು ಬೆಂಕಿ ಹತ್ತುವ ವಸ್ತು, ಅದನ್ನು ಎಲ್ಲಿ ಸುರಿಯುತ್ತೀರಿ? ಮನೆಯ ಹಿತ್ತಲಲ್ಲಿ ಲೀಟರುಗಟ್ಟಲೆ ಪೆಟ್ರೋಲ್ ಕಲಕುವುದೇ ಅಪಾಯ.

ದಾರಿ ಎರಡು: 100 ಆಕ್ಟೇನ್

ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ಎಕ್ಸ್‌ಪಿ100 ಹೆಸರಿನ ಪೆಟ್ರೋಲ್ ಬಿಡುಗಡೆ ಮಾಡಿತು. ಎಲ್ಲ ಬಂಕ್‌ಗಳಲ್ಲಿ ಇರಲ್ಲ, ಆಯ್ದ ಕೆಲವೇ ಕಡೆ. ಬೆಲೆ ಸಾಮಾನ್ಯ ಪೆಟ್ರೋಲಿನ ಸುಮಾರು ಒಂದೂವರೆ ಪಟ್ಟು. ಚೈನ್‌ಸಾಗೆ ಅಷ್ಟು ಆಕ್ಟೇನ್ ಬೇಕಾಗಿಲ್ಲ, ಹೆಚ್ಚಿನ ಯಂತ್ರಗಳಿಗೆ 90ರ ಮೇಲಿದ್ದರೆ ಸಾಕು. ಆದರೂ ಜನ ಇದನ್ನು ಹುಡುಕಿಕೊಂಡು ಹೋಗುವುದು ಎಥೆನಾಲ್ ಇಲ್ಲ ಅನ್ನೋ ಕಾರಣಕ್ಕೆ.

ಈ ಮಾತನ್ನು ಬಂಕಿನ ಹುಡುಗನ ಬಾಯಿಂದ ಕೇಳಿ ಒಪ್ಪಿಕೊಳ್ಳುವ ಬದಲು ನೀವೇ ನೋಡಿಬಿಡಿ, ಬಹಳ ಸುಲಭ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 100 ಎಂಎಲ್‌ನ ಮುಚ್ಚಳವಿರುವ ಗಾಜಿನ ಅಳತೆ ಕೊಳವೆ ಸಿಗುತ್ತದೆ. ಬಯಲಿನಲ್ಲಿ, ಬೆಂಕಿ-ಸ್ವಿಚ್ಚು ಯಾವುದೂ ಹತ್ತಿರ ಇಲ್ಲದ ಕಡೆ ಕೂತುಕೊಳ್ಳಿ. ಕೊಳವೆಗೆ 10ರ ಗೆರೆಯವರೆಗೆ ನೀರು ಹಾಕಿ. ನೀರಿಗೆ ಮೊದಲೇ ಅಡುಗೆಮನೆಯ ಕೇಸರಿ ಬಣ್ಣ ಚಿಟಿಕೆ ಬೆರೆಸಿರಿ, ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅದರ ಮೇಲೆ 100ರ ಗೆರೆಯವರೆಗೆ ಪೆಟ್ರೋಲ್. ಮುಚ್ಚಿ, ಮೆಲ್ಲಗೆ ತಿರುಗಿಸಿ ಮುರುಗಿಸಿ, ಒಂದೆರಡು ಸಲ ಮುಚ್ಚಳ ಸಡಿಲಿಸಿ ಗಾಳಿ ಬಿಟ್ಟು, ಹತ್ತು ನಿಮಿಷ ಹಾಗೇ ನಿಲ್ಲಿಸಿ. ಕೇಸರಿ ಪದರ 10ರಲ್ಲೇ ನಿಂತಿದ್ದರೆ ಎಥೆನಾಲ್ ಇಲ್ಲ. 25ನ್ನು ದಾಟಿ ಏರಿದ್ದರೆ ಅದು ಇ20. ಈ ಪರೀಕ್ಷೆಯನ್ನು ಆಯಿಲ್ ಬೆರೆಸುವ ಮುಂಚೆ ಮಾಡಬೇಕು. ಅದರಲ್ಲಿ ಬಳಸಿದ ಪೆಟ್ರೋಲನ್ನು ಮತ್ತೆ ಕ್ಯಾನಿಗೆ ಸುರಿಯಬಾರದು.

ಇನ್ನೊಂದು ಮಾತು: ಬಂಕಿನ ಬೋರ್ಡಿನಲ್ಲಿ 'ಪ್ರೀಮಿಯಂ' ಅಂತ ಇದ್ದ ಮಾತ್ರಕ್ಕೆ ಎಥೆನಾಲ್ ಇಲ್ಲ ಅಂತ ಅರ್ಥವಲ್ಲ. ಕೊಳವೆ ಸುಳ್ಳು ಹೇಳಲ್ಲ.

ತಿಂಗಳಿಗೆ ಒಂದೆರಡು ಲೀಟರ್ ಬಳಸುವವರಿಗೆ, ಅಂದರೆ ಲೇಔಟಿನ ಪಾರ್ಕು ನೋಡಿಕೊಳ್ಳುವವರಿಗೆ, ವಾರಾಂತ್ಯಕ್ಕೆ ತೋಟಕ್ಕೆ ಹೋಗಿ ಬರುವವರಿಗೆ ನಾನು ಹೇಳುವುದು ಇದನ್ನೇ. ಬ್ರಷ್ ಕಟರ್ ಗಂಟೆಗೆ ಲೀಟರಿಗಿಂತ ಕಡಿಮೆ ಕುಡಿಯುತ್ತದೆ. ಹೆಚ್ಚುವರಿ ಖರ್ಚು ಇಡೀ ತಿಂಗಳಿಗೆ ಒಂದು ಹೋಟೆಲ್ ಊಟದಷ್ಟೂ ಆಗಲ್ಲ. ಒಂದು ಕಾರ್ಬುರೇಟರ್ ಬಿಚ್ಚಿಸಿ ಜೋಡಿಸಲು ಕೊಡುವ ಕೂಲಿ ಅದಕ್ಕಿಂತ ಎಷ್ಟೋ ಜಾಸ್ತಿ.

ದಾರಿ ಮೂರು: ಸೀಲ್ ಮಾಡಿದ ರೆಡಿ ಮಿಕ್ಸ್

ಸ್ವೀಡನ್ನಿನಲ್ಲಿ 1980ರ ದಶಕದಲ್ಲಿ ಕಾಡಿನ ಕೆಲಸಗಾರರ ಆರೋಗ್ಯದ ಚಿಂತೆಯಿಂದ ಹುಟ್ಟಿದ ಇಂಧನ ಇದು. ಹೆಸರು ಆಲ್ಕಿಲೇಟ್ ಪೆಟ್ರೋಲ್. ಚೈನ್‌ಸಾ ಹಿಡಿದವನ ಮೂಗು ಹೊಗೆಕೊಳವೆಗೆ ಎಷ್ಟು ಹತ್ತಿರ ಅಂತ ಯೋಚಿಸಿ ನೋಡಿ. ಸಾಮಾನ್ಯ ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆ, ಕ್ಯಾನ್ಸರ್ ತರುವ ವಸ್ತು. ನಮ್ಮ ಬಿಎಸ್-6 ನಿಯಮದಲ್ಲಿ 1 ಶೇಕಡಾವರೆಗೆ ಅದಕ್ಕೆ ಅವಕಾಶ ಇದೆ. ಆಲ್ಕಿಲೇಟ್‌ನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಥೆನಾಲ್ ಕೂಡ ಇಲ್ಲ. ಆಸ್ಪೆನ್ 2, ಸ್ಟಿಲ್ ಮೋಟೋಮಿಕ್ಸ್, ಹಸ್ಕ್‌ವಾರ್ನಾ ಎಕ್ಸ್‌ಪಿ ಪವರ್ 2 ಈ ಜಾತಿಯವು. ಆಯಿಲ್ ಕಾರ್ಖಾನೆಯಲ್ಲೇ ಬೆರೆತಿರುತ್ತದೆ. ಸೀಲ್ ಒಡೆಯದ ಡಬ್ಬ ವರ್ಷಗಟ್ಟಲೆ ಕೆಡಲ್ಲ. ಸೀಲ್ ತೆಗೆದ ಮೇಲೂ ಗಟ್ಟಿಯಾಗಿ ಮುಚ್ಚಿಟ್ಟರೆ ಮನೆಯಲ್ಲಿ ಬೆರೆಸಿದ್ದಕ್ಕಿಂತ ಎಷ್ಟೋ ಹೆಚ್ಚು ದಿನ ಬರುತ್ತದೆ.

ಗುಣದಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ತೊಂದರೆ ಇರುವುದು ಸಿಗುವುದರಲ್ಲಿ ಮತ್ತು ಬೆಲೆಯಲ್ಲಿ. ಯುರೋಪಿನಲ್ಲಿ ಹಾರ್ಡ್‌ವೇರ್ ಅಂಗಡಿಯ ಕಪಾಟಿನಲ್ಲಿ ಕೂರುವ ಈ ಡಬ್ಬ ನಮ್ಮ ಎಸ್.ಜೆ.ಪಿ. ರಸ್ತೆಯಲ್ಲಿ, ಜೆ.ಸಿ. ರಸ್ತೆಯಲ್ಲಿ ಹಾಗೆ ಕೈಗೆ ಸಿಗುವ ಸರಕಲ್ಲ. ನಿಮ್ಮ ಯಂತ್ರದ ಅಧಿಕೃತ ಡೀಲರ್ ಹತ್ತಿರವೇ ವಿಚಾರಿಸಿ. ಡಬ್ಬದ ಮೇಲೆ ತಯಾರಾದ ದಿನಾಂಕ ನೋಡಿ. ವಿದೇಶದಿಂದ ಬರುವವರ ಕೈಲಿ ತರಿಸೋಣ ಅಂತ ಮಾತ್ರ ಯೋಚಿಸಬೇಡಿ, ವಿಮಾನದಲ್ಲಿ ಪೆಟ್ರೋಲ್ ತರುವಂತಿಲ್ಲ.

ಹಳೆ ಯಂತ್ರಕ್ಕೆ ಇದನ್ನು ಹಾಕುವ ಮುಂಚೆ ಒಂದು ಎಚ್ಚರಿಕೆ. ವರ್ಷಗಳಿಂದ ಬಂಕ್ ಪೆಟ್ರೋಲ್ ಕುಡಿದ ರಬ್ಬರ್ ಉಬ್ಬಿರುತ್ತದೆ. ಆಲ್ಕಿಲೇಟ್‌ಗೆ ಬದಲಾದಾಗ ಅದು ಕುಗ್ಗಿ, ಪೈಪಿನ ಜೋಡಣೆಯಲ್ಲಿ ಸೋರಲು ಶುರುವಾಗಬಹುದು. ಪೈಪು, ಸೀಲುಗಳನ್ನು ಹೊಸದು ಹಾಕಿಸಿ ಆಮೇಲೆ ಬದಲಾಯಿಸಿ.

ದಿನಕ್ಕೆ ಐದಾರು ಗಂಟೆ ಮರ ಕತ್ತರಿಸುವ ಕೆಲಸಗಾರರಿಗೆ ಈ ಇಂಧನ ಮೊದಲು ಸಿಗಬೇಕು, ಯಾಕೆಂದರೆ ಆ ಹೊಗೆ ಕುಡಿಯುವವರು ಅವರು. ಆದರೆ ಅವರಿಗೆ ಇದು ಕೈಗೆಟುಕಲ್ಲ. ಕಾಂಟ್ರ್ಯಾಕ್ಟ್ ಕೊಡುವ ಅಪಾರ್ಟ್‌ಮೆಂಟ್ ಸಂಘಗಳು, ಕಂಪನಿ ಕ್ಯಾಂಪಸ್‌ಗಳು ಇಂಧನದ ಖರ್ಚು ತಾವೇ ವಹಿಸಿಕೊಂಡರೆ ಎಷ್ಟು ಒಳ್ಳೆಯದು ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಯಂತ್ರವನ್ನೇ ಬದಲಾಯಿಸುವುದಾದರೆ

ಅಪಾರ್ಟ್‌ಮೆಂಟ್ ತೋಟ, 30x40 ಸೈಟಿನ ಬೇಲಿ, ಇಷ್ಟೇ ಕೆಲಸ ಇದ್ದರೆ ಬ್ಯಾಟರಿ ಯಂತ್ರ ತಗೊಳ್ಳಿ. ಪೆಟ್ರೋಲ್ ತಲೆನೋವೇ ಇಲ್ಲ, ಸದ್ದು ಕಡಿಮೆ. ಫೋರ್-ಸ್ಟ್ರೋಕ್ ಬ್ರಷ್ ಕಟರ್‌ಗಳೂ ಇವೆ, ಹೋಂಡಾದ ಜಿಎಕ್ಸ್35 ಎಂಜಿನ್ ಇರುವಂಥವು. ಅವುಗಳಿಗೆ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಆದರೆ ಹಳಸಿದ ಪೆಟ್ರೋಲ್ ಅವುಗಳ ಕಾರ್ಬುರೇಟರನ್ನೂ ಕಟ್ಟಿಸುತ್ತದೆ. ಒಂದು ಕಡೆ ಮಾತ್ರ ಮೋಸ ಹೋಗಬೇಡಿ: ಸ್ಟಿಲ್‌ನ 4-ಮಿಕ್ಸ್ ಎಂಜಿನ್ ಫೋರ್-ಸ್ಟ್ರೋಕ್ ಆದರೂ ಆಯಿಲ್ ಬೆರೆಸಿದ ಪೆಟ್ರೋಲಿನಲ್ಲೇ ಓಡುವುದು.

ಆಯಿಲ್ ಮತ್ತು ಅಳತೆ

ಡಬ್ಬದ ಹಿಂಭಾಗ ತಿರುಗಿಸಿ ಸಣ್ಣ ಅಕ್ಷರ ಓದಿ. ಜಾಸೊ (ಜಪಾನಿನ ಗುಣಮಟ್ಟದ ಗುರುತು) ಎಫ್‌ಡಿ ಇದ್ದರೆ ಉತ್ತಮ, ಎಫ್‌ಸಿ ಇದ್ದರೆ ಒಳ್ಳೆಯದು, ಎಫ್‌ಬಿ ಹೊಗೆ ಮತ್ತು ಮಸಿ ಜಾಸ್ತಿ. ಟಿಸಿ-ಡಬ್ಲ್ಯೂ3 ಅಂತ ಬರೆದಿದ್ದರೆ ಅದು ನೀರಿನಿಂದ ತಣ್ಣಗಾಗುವ ದೋಣಿ ಎಂಜಿನ್ನಿನ ಆಯಿಲ್, ಚೈನ್‌ಸಾಗೆ ಬೇಡ. ಬೈಕಿಗೆ ಹಾಕುವ 20ಡಬ್ಲ್ಯೂ-40 ಅಂತೂ ಹತ್ತಿರ ತರಬೇಡಿ, ಅದು ಉರಿದು ಹೋಗಲೆಂದು ಮಾಡಿದ್ದೇ ಅಲ್ಲ.

ಅಳತೆಯಲ್ಲಿ ನಮ್ಮವರು ಒಂದು ಕಡೆ ಪದೇ ಪದೇ ಎಡವುತ್ತಾರೆ. 50:1 ಅಂದರೆ ಲೀಟರಿಗೆ 50 ಎಂಎಲ್ ಅಂದುಕೊಳ್ಳುತ್ತಾರೆ. ಅಲ್ಲ. ಪೆಟ್ರೋಲಿನ ಐವತ್ತರಲ್ಲಿ ಒಂದು ಪಾಲು, ಅಂದರೆ ಲೀಟರಿಗೆ 20 ಎಂಎಲ್. 40:1ಕ್ಕೆ 25 ಎಂಎಲ್, 25:1ಕ್ಕೆ 40 ಎಂಎಲ್. ಲೀಟರಿಗೆ 50 ಹಾಕಿದರೆ 20:1 ಆಗಿಬಿಡುತ್ತದೆ. ಜಾಸ್ತಿ ಆಯಿಲ್ ಹಾಕಿದರೆ ಎಂಜಿನ್ನಿಗೆ ಒಳ್ಳೆಯದು ಅನ್ನೋ ನಂಬಿಕೆಯೂ ತಪ್ಪು. ಪ್ಲಗ್ ಕಪ್ಪಾಗುತ್ತದೆ, ಹೊಗೆಕೊಳವೆಯಲ್ಲಿ ಮಸಿ ಕಟ್ಟುತ್ತದೆ, ಆಯಿಲ್ ಹೆಚ್ಚಾದಷ್ಟು ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ಲೀನ್ ಕೂಡ ಆಗುತ್ತದೆ. ಕೆಲವು ಮ್ಯಾನುಯಲ್‌ಗಳಲ್ಲಿ ಕಂಪನಿಯ ಸ್ವಂತ ಆಯಿಲ್‌ಗೆ 50:1, ಬೇರೆ ಆಯಿಲ್‌ಗೆ 25:1 ಅಂತ ಎರಡು ಸಾಲು ಇರುತ್ತದೆ. ಎರಡನ್ನೂ ಓದಿ. ಬ್ರ್ಯಾಂಡ್ ಇಲ್ಲದ ಅಗ್ಗದ ಯಂತ್ರದ ಸ್ಟಿಕ್ಕರ್ ಮೇಲೆ 25:1 ಇದ್ದರೆ ಅದನ್ನೇ ಪಾಲಿಸಿ.

ಅಂದಾಜಿನಲ್ಲಿ ಮುಚ್ಚಳದಿಂದ ಸುರಿಯಬೇಡಿ. ಮೆಡಿಕಲ್ ಶಾಪಿನಲ್ಲಿ 20 ಎಂಎಲ್ ಸಿರಿಂಜ್ ಸಿಗುತ್ತದೆ, ಸೂಜಿ ಬೇಡ. ಅದನ್ನು ಆಯಿಲ್‌ಗೆ ಮಾತ್ರ ಬಳಸಿ, ಪೆಟ್ರೋಲ್ ತಾಗಿದರೆ ಅದರ ರಬ್ಬರ್ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಕ್ಯಾನಿಗೆ ಮೊದಲು ಅರ್ಧ ಪೆಟ್ರೋಲ್, ಆಮೇಲೆ ಅಳೆದ ಆಯಿಲ್, ಮುಚ್ಚಿ ಚೆನ್ನಾಗಿ ಕುಲುಕಿ, ಮತ್ತೆ ಉಳಿದ ಪೆಟ್ರೋಲ್, ಮತ್ತೆ ಕುಲುಕಿ. ಟ್ಯಾಂಕಿಗೆ ಹಾಕುವ ಮುನ್ನ ಪ್ರತಿ ಸಲ ಕುಲುಕಬೇಕು. ಬಣ್ಣವಿರುವ ಆಯಿಲ್ ಆರಿಸಿದರೆ ಬೆರೆಸಿದ್ದು ಯಾವುದು, ಬೆರೆಸದ್ದು ಯಾವುದು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಕೆಲಸದವರ ಕೈಗೆ ಯಂತ್ರ ಕೊಡುವ ಮನೆಗಳಲ್ಲಿ ಇದು ಬಹಳ ಮುಖ್ಯ.

ಇಡುವುದು ಎಲ್ಲಿ, ಯಾವುದರಲ್ಲಿ

1934ರ ಪೆಟ್ರೋಲಿಯಂ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಒಬ್ಬರು ಲೈಸೆನ್ಸ್ ಇಲ್ಲದೆ ಒಟ್ಟು 30 ಲೀಟರ್‌ವರೆಗೆ ಇಟ್ಟುಕೊಳ್ಳಬಹುದು. ಪಾತ್ರೆ ಗಾಜು, ಪಿಂಗಾಣಿ ಅಥವಾ ಲೋಹದ್ದಾಗಿರಬೇಕು, ಗಟ್ಟಿಯಾಗಿ ಮುಚ್ಚಿರಬೇಕು. ಗಾಜು-ಪಿಂಗಾಣಿಗೆ 1 ಲೀಟರ್ ಮಿತಿ, ಲೋಹಕ್ಕೆ 25 ಲೀಟರ್. ಪ್ಲಾಸ್ಟಿಕ್ ಆ ಪಟ್ಟಿಯಲ್ಲೇ ಇಲ್ಲ. ಪ್ಲಾಸ್ಟಿಕ್ ಬಾಟಲಿ ಹಿಡಿದು ಹೋದವರನ್ನು ಬಂಕಿನಲ್ಲಿ ವಾಪಸ್ ಕಳಿಸಿದರೆ ಅವರ ಮೇಲೆ ರೇಗಬೇಡಿ. ಗಟ್ಟಿ ರಬ್ಬರ್ ವಾಷರ್ ಇರುವ ಸಣ್ಣ ಲೋಹದ ಜೆರಿಕ್ಯಾನ್ ಒಂದು ಕೊಂಡುಬಿಡಿ. ತುಂಬುವಾಗ ಕ್ಯಾನನ್ನು ಸ್ಕೂಟರ್ ಮೇಲೆ ಅಥವಾ ಕಾರಿನ ಡಿಕ್ಕಿಯಲ್ಲಿ ಇಟ್ಟು ತುಂಬಿಸಬಾರದು. ನೆಲದ ಮೇಲಿಡಬೇಕು, ಇಲ್ಲದಿದ್ದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು. ಮೆಟ್ರೋದಲ್ಲಿ, ಬಸ್ಸಿನಲ್ಲಿ ತಗೊಂಡು ಹೋಗುವಂತಿಲ್ಲ.

30 ಲೀಟರ್ ಇಡಬಹುದು ಅಂತ ಕಾನೂನು ಹೇಳಿದರೂ ನಗರದ ಮನೆಯಲ್ಲಿ ಎರಡು ಲೀಟರಿಗಿಂತ ಜಾಸ್ತಿ ಯಾಕೆ ಬೇಕು? ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೇ ಹರಿದು ತಗ್ಗಿಗೆ ಇಳಿಯುತ್ತದೆ. ಅದಕ್ಕೇ ಬೇಸ್‌ಮೆಂಟ್ ಪಾರ್ಕಿಂಗ್ ಅತ್ಯಂತ ಕೆಟ್ಟ ಜಾಗ. ಅಲ್ಲೇ ಡಿಜಿ ಸೆಟ್ ಇರುತ್ತದೆ, ಈಗ ಇವಿ ಚಾರ್ಜರ್‌ಗಳೂ ಬಂದಿವೆ. ಯುಪಿಎಸ್ ಬ್ಯಾಟರಿ ಇರುವ ಮೂಲೆ, ಗೀಸರ್ ಗ್ಯಾಸ್ ಇರುವ ಯುಟಿಲಿಟಿ, ಮೋಟರ್ ಸ್ವಿಚ್ಚಿನ ಗೂಡು, ದೀಪ ಹಚ್ಚುವ ದೇವರಮನೆಯ ಪಕ್ಕ, ಇವೂ ಬೇಡ. ಮನೆಯಿಂದ ಪ್ರತ್ಯೇಕವಾದ, ಗಾಳಿ ಆಡುವ, ಬಿಸಿಲು ಬೀಳದ, ಬೀಗ ಹಾಕಬಹುದಾದ ಶೆಡ್ ಇದ್ದರೆ ಸರಿ. ಫ್ಲಾಟಿನಲ್ಲಿರುವವರಿಗೆ ಅಂಥ ಜಾಗ ಇರುವುದಿಲ್ಲ. ಅವರು ಕೆಲಸದ ದಿನವೇ ಬೇಕಾದಷ್ಟು ತಂದು, ಅವತ್ತೇ ಮುಗಿಸಬೇಕು. ಆಗದಿದ್ದರೆ ಬ್ಯಾಟರಿ ಯಂತ್ರವೇ ಸರಿ. ಇದರಲ್ಲಿ ನಾನು ಮಧ್ಯದ ದಾರಿ ಹೇಳಲಾರೆ.

ಕ್ಯಾನಿನ ಮೇಲೆ ಟೇಪ್ ಅಂಟಿಸಿ ಮೂರು ವಿಷಯ ಬರೆಯಿರಿ: ಬೆರೆಸಿದ ದಿನ, ಅನುಪಾತ, ಯಾವ ಪೆಟ್ರೋಲ್. ಮನೆಯಲ್ಲಿ ಬೆರೆಸಿದ್ದಕ್ಕೆ 30 ದಿನ ಗಡುವು, ಸ್ಟಿಲ್ ಕಂಪನಿಯೂ ಇದನ್ನೇ ಹೇಳುತ್ತದೆ. ಮಳೆಗಾಲದಲ್ಲಿ ಇ20 ಬಳಸುವುದಾದರೆ ನಾನು ಎರಡು ವಾರಕ್ಕೇ ನಿಲ್ಲಿಸುತ್ತೇನೆ. ಕ್ಯಾನ್ ಆದಷ್ಟು ತುಂಬಿರಲಿ, ಹಿಗ್ಗಲು ಸ್ವಲ್ಪ ಜಾಗ ಮಾತ್ರ ಬಿಡಿ. ಫ್ಯೂಯೆಲ್ ಸ್ಟೆಬಿಲೈಸರ್ ಹಾಕಿದರೆ ಪೆಟ್ರೋಲ್ ಅಂಟಾಗುವುದು ತಡವಾಗುತ್ತದೆ. ಒಮ್ಮೆ ತಳದಲ್ಲಿ ಪದರ ಕಟ್ಟಿದ ಮೇಲೆ ಅದೂ ಏನೂ ಮಾಡಲಾರದು.

ತುಂಬುವಾಗ ಎಂಜಿನ್ ತಣ್ಣಗಾಗಿರಲಿ. ತುಂಬಿದ ಜಾಗದಿಂದ ಕನಿಷ್ಠ 3 ಮೀಟರ್ ದೂರ ಬಂದು ಸ್ಟಾರ್ಟ್ ಮಾಡಿ.

ಕೆಲಸವಿಲ್ಲದ ತಿಂಗಳುಗಳು

ನಮ್ಮಲ್ಲಿ ಚೈನ್‌ಸಾಗೆ ಕೆಲಸ ಬರುವುದು ಏಪ್ರಿಲ್-ಮೇ ಮಳೆಗೆ ಗುಲ್‌ಮೊಹರ್, ರೈನ್ ಟ್ರೀ ಕೊಂಬೆಗಳು ಮುರಿದಾಗ. ಬಿದ್ದ ಕೊಂಬೆ ತುಂಡು ಮಾಡುವುದು ಸರಿ. ನಿಂತ ಮರಕ್ಕೆ ಕೈ ಹಾಕುವ ಮುಂಚೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಬ್ರಷ್ ಕಟರ್‌ಗೆ ಜೂನ್‌ನಿಂದ ನವೆಂಬರ್‌ವರೆಗೆ ಪಾರ್ಥೇನಿಯಂ ಕಳೆಯ ಕೆಲಸ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಎರಡೂ ಮೂಲೆಯಲ್ಲಿ. ಯಂತ್ರಗಳು ಕೆಡುವುದು ಹೆಚ್ಚಾಗಿ ಈ ತಿಂಗಳುಗಳಲ್ಲೇ, ಗೊತ್ತಾಗುವುದು ಏಪ್ರಿಲ್‌ನಲ್ಲಿ.

ಇಡುವ ಮೊದಲು ಟ್ಯಾಂಕ್ ಪೂರ್ತಿ ಬಸಿಯಿರಿ. ಆಮೇಲೆ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ತಾನಾಗಿ ನಿಲ್ಲುವವರೆಗೆ ಬಿಡಿ. ಆಕ್ಸಿಲರೇಟರ್ ಒತ್ತಬೇಡಿ, ಪೆಟ್ರೋಲ್ ಮುಗಿಯುವ ಹೊತ್ತಿನಲ್ಲಿ ಜೋರು ಓಡಿಸಿದರೆ ಆಯಿಲ್ ಸಾಲದೆ ಪಿಸ್ಟನ್‌ಗೆ ಗೀರು ಬೀಳುತ್ತದೆ. ಸಾಧ್ಯವಾದರೆ ಕೊನೆಯ ಅರ್ಧ ಗಂಟೆಯ ಕೆಲಸಕ್ಕೆ ಎಥೆನಾಲ್ ಇಲ್ಲದ ಪೆಟ್ರೋಲ್ ಅಥವಾ ರೆಡಿ ಮಿಕ್ಸ್ ಹಾಕಿ, ಒಳಗೆ ಉಳಿಯುವ ಹನಿಗಳು ಅದರದ್ದಾಗಿರಲಿ. ದುಬಾರಿ ಡಬ್ಬವನ್ನು ವರ್ಷಪೂರ್ತಿ ಬಳಸಲಾಗದವರೂ ಒಂದು ಡಬ್ಬ ಕೊಂಡು ಇದಕ್ಕೊಂದಕ್ಕೆ ಇಟ್ಟುಕೊಳ್ಳಬಹುದು. ಅದರ ಬೆಲೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಕಾಣುತ್ತಿಲ್ಲ.

ಗಡುವು ಮುಗಿದ ಮಿಕ್ಸ್

ವಾಸನೆ ಹುಳಿಯಾಗಿ ವಾರ್ನಿಶ್ ತರಹ ಬಂದರೆ, ಬಣ್ಣ ಗಾಢವಾದರೆ, ಗಾಜಿನ ಲೋಟಕ್ಕೆ ಸುರಿದಾಗ ತಳದಲ್ಲಿ ಬೇರೆ ಪದರ ಕಂಡರೆ ಅದು ಯಂತ್ರಕ್ಕೆ ಬೇಡ. ಹೊಸ ಪೆಟ್ರೋಲ್ ಸೇರಿಸಿ ಸರಿ ಮಾಡೋಣ ಅನ್ನೋದೂ ಬೇಡ. ಹೊಸ ಕಾರು-ಬೈಕಿನ ಟ್ಯಾಂಕಿಗೂ ಹಾಕಬೇಡಿ, ಅದರಲ್ಲಿರುವ ಆಯಿಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಒಳ್ಳೆಯದಲ್ಲ. ಚರಂಡಿಗೆ, ಟಾಯ್ಲೆಟ್ಟಿಗೆ, ಮರದ ಬುಡಕ್ಕೆ ಸುರಿಯುವುದಂತೂ ಆಗಲೇಬಾರದು. ನಮ್ಮ ರಾಜಕಾಲುವೆಗಳು ಕೆರೆಗಳಿಗೆ ಹೋಗಿ ಸೇರುತ್ತವೆ, ಹೊರವಲಯದಲ್ಲಿ ಇವತ್ತಿಗೂ ಬೋರ್‌ವೆಲ್ ನೀರೇ ಗತಿ. ಅದೇ ಲೋಹದ ಕ್ಯಾನಿನಲ್ಲಿ 'ಹಳೆಯದು, ಬಳಸಬೇಡಿ' ಅಂತ ಬರೆದು, ಬಳಸಿದ ಎಂಜಿನ್ ಆಯಿಲ್ ಸಂಗ್ರಹಿಸುವ ದೊಡ್ಡ ಸರ್ವಿಸ್ ಸೆಂಟರಿಗೆ ಮೊದಲೇ ಫೋನ್ ಮಾಡಿ ಕೇಳಿ, ಅವರು ತಗೊಳ್ಳುತ್ತೇವೆ ಅಂದರೆ ತಲುಪಿಸಿ. ಮುಂದಿನ ಸಲ ಬೆರೆಸುವಾಗ ಒಂದು ಲೀಟರ್ ಬದಲು ಅರ್ಧ ಲೀಟರ್ ಬೆರೆಸಿ, 10 ಎಂಎಲ್ ಆಯಿಲ್ ಸಾಕು.